ಉದ್ರಿ ಮೇಲೆ ಕೊಂಡ ಸ್ಟ್ರೈಕರ್: ಹುಬ್ಬಳ್ಳಿ-ಧಾರವಾಡದ ಒಂದು ಫುಟ್‌ಬಾಲ್ ಕ್ಲಬ್‌ನ ಎರಡು ಸೀಸನ್

ಕ್ಲಬ್‌ನ ಹೆಸರು, ಪ್ರಾಯೋಜಕರ ಹೆಸರು, ಆಟಗಾರರ ಗುರುತು ಇಲ್ಲಿ ಇಲ್ಲ. ಗುರುತು ಹತ್ತಬಾರದೆಂದು ಮೊತ್ತಗಳನ್ನು ಅಲ್ಲಲ್ಲಿ ದುಂಡಗೆ ಮಾಡಿದೆ.

ಕ್ಲಬ್ ಹುಬ್ಬಳ್ಳಿ-ಧಾರವಾಡದ್ದು. ಸೊಸೈಟಿಯಾಗಿ ನೋಂದಣಿಯಾಗಿದೆ. ಜಿಲ್ಲೆಯ ಟೂರ್ನಿಗಳಲ್ಲಿ ಗಟ್ಟಿ ತಂಡ. ಬೆಂಗಳೂರಿನ ಲೀಗ್‌ನ ಕೆಳ ಡಿವಿಷನ್‌ನಲ್ಲೂ ಆಡುತ್ತದೆ. ಅಂದರೆ ತವರಿನಲ್ಲಿ ಪಂದ್ಯವೇ ಇಲ್ಲ, ಟಿಕೆಟ್ ಹಣವೂ ಇಲ್ಲ. ಪ್ರತಿ ಪಂದ್ಯಕ್ಕೂ 22 ಮಂದಿ ರಾತ್ರಿ ರೈಲು ಹತ್ತಿ 400 ಕಿಲೋಮೀಟರ್‌ಗೂ ಹೆಚ್ಚು ದೂರ ಹೋಗಿ ಬರಬೇಕು. ರೈಲು, ಲಾಡ್ಜ್, ಊಟ, ಸ್ಟೇಷನ್‌ನಿಂದ ಮೈದಾನಕ್ಕೆ ಟೆಂಪೊ ಎಲ್ಲಾ ಸೇರಿ ಒಂದು ಸಲಕ್ಕೆ 40 ಸಾವಿರ ರೂಪಾಯಿ.

2023ರ ಸೀಸನ್‌ಗೆ ಹಾಕಿಕೊಂಡ ಬಜೆಟ್ 30 ಲಕ್ಷ. ಅದರಲ್ಲಿ 18 ಲಕ್ಷ ಒಬ್ಬರದೇ. ಹಾವೇರಿ, ಗದಗ ಕಡೆಯ ಅಂಗಡಿಗಳಿಗೆ ಬೀಜ-ಗೊಬ್ಬರ ಸರಬರಾಜು ಮಾಡುವ ಸಗಟು ವ್ಯಾಪಾರಿ ಅವರು. ಜೆರ್ಸಿಯ ಎದೆಯ ಮೇಲೆ ಅವರ ಅಂಗಡಿಯ ಹೆಸರು. ಉಳಿದದ್ದು ಚಿಲ್ಲರೆ: ತೋಳಿನ ಮೇಲಿನ ಇಬ್ಬರು ಸಣ್ಣ ಪ್ರಾಯೋಜಕರಿಂದ 3.5 ಲಕ್ಷ, 60 ಮಕ್ಕಳ ತರಬೇತಿ ಶುಲ್ಕ ತಿಂಗಳಿಗೆ 1,000ದಂತೆ 8 ತಿಂಗಳಿಗೆ 4.8 ಲಕ್ಷ, ಸದಸ್ಯರ ವಂತಿಗೆ 2.2 ಲಕ್ಷ, ಗೆದ್ದರೆ ಬರುವ ಬಹುಮಾನ 1.5 ಲಕ್ಷ. ಆ ವರ್ಷ ಮೇ 10ರಂದು ವಿಧಾನಸಭಾ ಚುನಾವಣೆ ಇತ್ತು. ಅದಕ್ಕೂ ಮೊದಲು ಟಿಕೆಟ್ ಆಕಾಂಕ್ಷಿಗಳು ಸಭೆಯಲ್ಲಿ ಘೋಷಿಸಿದ ದೇಣಿಗೆಗಳನ್ನು ಖಜಾಂಚಿ ಬಜೆಟ್‌ಗೆ ಸೇರಿಸಲಿಲ್ಲ. ಆ ವರ್ಷ ಪೂರ್ತಿ ಸರಿ ಬಂದ ನಿರ್ಧಾರ ಅದೊಂದೇ ಎನ್ನಬಹುದು.

ಖರ್ಚು 29 ಲಕ್ಷ. ಕಾಗದದ ಮೇಲೆ 1 ಲಕ್ಷ ಉಳಿತಾಯ.

ಪ್ರಾಯೋಜಕರ 18 ಲಕ್ಷಕ್ಕೆ ಒಂದು ಷರತ್ತಿನ ಗಂಟು ಇತ್ತು. 15 ಲಕ್ಷ ಖಚಿತ, ಉಳಿದ 3 ಲಕ್ಷ "ಮಂದಿ ಹೆಸರು ಕೇಳಿರೋ ಒಬ್ಬ ಸ್ಟ್ರೈಕರ್" ಬಂದರೆ ಮಾತ್ರ. ಅಂಗಡಿ ಮುಂದೆ ಬ್ಯಾನರ್ ಕಟ್ಟಬೇಕಾದರೆ ಅದರಲ್ಲಿ ಗೋಲು ಹೊಡೆಯುವವನ ಫೋಟೊ ಇರಬೇಕು, ಗೋಲಿಯದ್ದೋ (ಗೋಲ್‌ಕೀಪರ್), ರಕ್ಷಣೆಗೆ ನಿಲ್ಲುವ ಸ್ಟಾಪರ್ ಬ್ಯಾಕ್‌ನದ್ದೋ ಅಲ್ಲ. ವ್ಯಾಪಾರಿಯ ಕಡೆಯಿಂದ ನೋಡಿದರೆ ಇದರಲ್ಲಿ ತಪ್ಪೇನಿಲ್ಲ. ಆದರೆ ಹಿಂದಿನ ಸೀಸನ್‌ನಲ್ಲಿ ತಂಡ ಸೋತದ್ದು ಗೋಲು ಹೊಡೆಯಲಾಗದೆ ಅಲ್ಲ, ಎದುರಾಳಿಯಿಂದ ಗೋಲು ತಿಂದು. ಕೋಚ್ ಕೇಳಿದ್ದು ಒಬ್ಬ ಗೋಲಿ ಮತ್ತು ಇಬ್ಬರು ಡಿಫೆಂಡರ್. ಬಂದದ್ದು ಇಬ್ಬರು ಸ್ಟ್ರೈಕರ್, ಒಬ್ಬ ಅಟ್ಯಾಕಿಂಗ್ ಮಿಡ್‌ಫೀಲ್ಡರ್, ಒಬ್ಬ ಗೋಲಿ. ನಾಲ್ವರೂ ಹೊರ ರಾಜ್ಯದವರು. ತಲಾ 35 ಸಾವಿರ ಸಂಬಳ, ಜುಲೈಯಿಂದ ಫೆಬ್ರವರಿವರೆಗೆ 8 ತಿಂಗಳ ಒಪ್ಪಂದ, ಜತೆಗೆ ಬಾಡಿಗೆ ಮನೆ. ಸ್ಥಳೀಯ 18 ಹುಡುಗರಿಗೆ ತಲಾ 4 ಸಾವಿರ. 3 ಲಕ್ಷದ ಆಸೆಗೆ ಕ್ಲಬ್ 11.2 ಲಕ್ಷದ ಸಂಬಳ ತಲೆಯ ಮೇಲೆ ಹೊತ್ತುಕೊಂಡಿತು.

ಸಂಬಳ, ಬಾಡಿಗೆ, ಕೋಚ್ ಸೇರಿ ತಿಂಗಳ ಖಾಯಂ ಖರ್ಚು 2.67 ಲಕ್ಷ.

ದಿನಾಂಕ ಎಲ್ಲಿ ತಪ್ಪಿತು

ಒಪ್ಪಂದದಲ್ಲಿ ಪ್ರಾಯೋಜಕರು ಮೂರು ಕಂತು ಒಪ್ಪಿದ್ದರು. ಏಪ್ರಿಲ್ ಕೊನೆಗೆ 6 ಲಕ್ಷ, ಅಕ್ಟೋಬರ್ 15ಕ್ಕೆ 6 ಲಕ್ಷ, ಜನವರಿ ಕೊನೆಗೆ 6 ಲಕ್ಷ. ಅಕ್ಟೋಬರ್ 15 ಎಂದು ಬರೆದದ್ದು ಕ್ಲಬ್ಬೇ. ಅಷ್ಟೊತ್ತಿಗೆ ತಮ್ಮ ಗಲ್ಲಾ ಖಾಲಿಯಾಗುತ್ತದೆಂಬ ಅಂದಾಜು ಅವರಿಗಿತ್ತು. ಕಂತು ಕೊಡುವವರ ಗಲ್ಲಾ ಆ ಹೊತ್ತಿಗೆ ಹೇಗಿರುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಬೀಜ-ಗೊಬ್ಬರದ ವ್ಯಾಪಾರ ಬಲ್ಲವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಮೇ ಕೊನೆಯಿಂದ ಜೂನ್‌ವರೆಗೆ ಮುಂಗಾರಿನ ಬೀಜ ಹೋಗುವುದು ಬಹುಪಾಲು ಉದ್ರಿ. ಗೋವಿನಜೋಳ ಕಟಾವಾಗಿ ರೊಕ್ಕವಾಗುವುದು ಅಕ್ಟೋಬರ್ ಕೊನೆ, ನವೆಂಬರ್‌ಗೆ. ಹತ್ತಿ ಬಿಡಿಸುವುದು ಅದರ ನಂತರ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ತುಂಬಿ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ರೈತ ಅಂಗಡಿಗೆ ಕೊಡಬೇಕು, ಅಂಗಡಿಯವನು ಸಗಟು ವ್ಯಾಪಾರಿಗೆ ಕೊಡಬೇಕು. ಹೀಗಾಗಿ ಅಕ್ಟೋಬರ್ ನಡುವಿನಲ್ಲಿ ಮುಂಗಾರಿನ ಉದ್ರಿ ವಾಪಸ್ ಬಂದಿರುವುದಿಲ್ಲ, ಹಿಂಗಾರಿನ ಕಡಲೆ-ಜೋಳದ ಬೀಜಕ್ಕೆ ಮತ್ತೆ ಕೈಯಿಂದ ಹಾಕಬೇಕಾಗಿರುತ್ತದೆ. ವರ್ಷದಲ್ಲಿ ಅವರ ಕೈ ಅತಿ ಬಿಗಿಯಾಗಿರುವ ಹೊತ್ತಿಗೆ ಕ್ಲಬ್ ತನ್ನ ದೊಡ್ಡ ಕಂತನ್ನು ನಿಗದಿ ಮಾಡಿತ್ತು.

ಆ ಕಂತು ದಿನಕ್ಕೆ ಸರಿಯಾಗಿ ಬಂದಿದ್ದರೂ ಲೆಕ್ಕ ಕೂಡುತ್ತಿರಲಿಲ್ಲ. ಜೂನ್ ಮುಗಿಯುವಷ್ಟರಲ್ಲಿ ಕೈಗೆ ಬಂದದ್ದು 8.2 ಲಕ್ಷ. ಹೋದದ್ದು ಹೊರಗಿನ ನಾಲ್ವರಿಗೆ ಎರಡೆರಡು ತಿಂಗಳ ಮುಂಗಡ 2.8, ನೋಂದಣಿ ಮತ್ತು ಏಜೆಂಟ್ ಕಮಿಷನ್ 1.34, ಚೆಂಡು-ಜೆರ್ಸಿ-ಮೈದಾನ 1.5, ವಿಮೆ-ವೈದ್ಯಕೀಯ 0.8, ಮನೆಯ ಡಿಪಾಸಿಟ್ 0.6, ಒಟ್ಟು 7.04 ಲಕ್ಷ. ಡಿಪಾಸಿಟ್ ವಾಪಸ್ ಬರುವ ಹಣ, ಖರ್ಚಲ್ಲ ಎಂದು ಅದನ್ನು ಬಜೆಟ್‌ನಿಂದಲೇ ಬಿಟ್ಟಿದ್ದರು. ಸಣ್ಣ ಪ್ರಾಯೋಜಕರ 3.5 ಲಕ್ಷದಲ್ಲಿ ಅರ್ಧ ಊಟದ ಕೂಪನ್ ಮತ್ತು ಬ್ಯಾನರ್ ರೂಪದಲ್ಲಿ ಬಂತು. ಕೂಪನ್ನಿನಿಂದ ಸಂಬಳ ಕೊಡಲಾಗದು. ಜುಲೈ ಕೊನೆಗೆ ಉಳಿದದ್ದು 84 ಸಾವಿರ. ಆಗಸ್ಟ್‌ನಿಂದ ತಿಂಗಳಿಗೆ ಎರಡು ಬೆಂಗಳೂರು ಪ್ರಯಾಣ. ಬರುವುದು ಮಕ್ಕಳ ಶುಲ್ಕದ 60 ಸಾವಿರ, ಹೋಗುವುದು 3.47 ಲಕ್ಷ. ಎಲ್ಲ ಯೋಜನೆಯಂತೆ ನಡೆದರೂ ಸೆಪ್ಟೆಂಬರ್ ಕೊನೆಗೆ 4.9 ಲಕ್ಷ ಕೊರೆ ಬೀಳಬೇಕು.

ಇದು ಮೊದಲೇ ಏಕೆ ಕಾಣಲಿಲ್ಲ ಎಂದರೆ, ಕಾರ್ಯದರ್ಶಿ ಮುಂಗಡದ 2.8 ಲಕ್ಷವನ್ನು 8 ತಿಂಗಳಿಗೆ ಹಂಚಿ ಬರೆದಿದ್ದರು. ಯುರೋಪಿನ ಕ್ಲಬ್‌ಗಳು ವರ್ಗಾವಣೆ ಶುಲ್ಕವನ್ನು ಒಪ್ಪಂದದ ವರ್ಷಗಳಿಗೆ ಹಂಚುವ ಪದ್ಧತಿಯನ್ನು ಅವರು ಓದಿಕೊಂಡಿದ್ದರು. 5 ಕೋಟಿ ಯುರೊ ಕೊಟ್ಟು 5 ವರ್ಷದ ಒಪ್ಪಂದ ಮಾಡಿದರೆ ಲೆಕ್ಕದಲ್ಲಿ ವರ್ಷಕ್ಕೆ 1 ಕೋಟಿ. ಅದಕ್ಕಿಂತ ಹೆಚ್ಚು ವರ್ಷಕ್ಕೆ ಹಂಚಬಾರದೆಂದು 2023ರಲ್ಲಿ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ 5 ವರ್ಷದ ಮಿತಿ ಹಾಕಿತು. ಅದು ಲಾಭ-ನಷ್ಟದ ಪಟ್ಟಿಗೆ ಸರಿ. ನಗದಿನ ದಿನವಹಿ ಲೆಕ್ಕವಾದ ಕಿರ್ದಿಯಲ್ಲಿ ಮಾತ್ರ ಆ 2.8 ಲಕ್ಷ ಜೂನ್‌ನಲ್ಲೇ ಹೊರಗೆ ಹೋಗಿತ್ತು. ಕ್ಲಬ್‌ನಲ್ಲಿ ಲಾಭ-ನಷ್ಟದ ಅಂದಾಜು ಇತ್ತು, ತಿಂಗಳವಾರು ನಗದಿನ ಅಂದಾಜು ಇರಲಿಲ್ಲ.

ಅದರ ಮೇಲೆ ಬರ. 2023ರ ಸೆಪ್ಟೆಂಬರ್‌ನಲ್ಲಿ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಮುಂದೆ ಅದು ರಾಜ್ಯದ 236 ತಾಲ್ಲೂಕುಗಳ ಪೈಕಿ 223ಕ್ಕೆ ಏರಿತು. ಅಕ್ಟೋಬರ್ 15ಕ್ಕೆ ಫೋನ್ ಮಾಡಿದಾಗ ಪ್ರಾಯೋಜಕರ ಉತ್ತರ ಇಷ್ಟೇ: "ರೊಕ್ಕ ಎಲ್ಲಾ ಹೊಲದಾಗ ಕುಂತೈತ್ರಿ ಸರ. ಮಾಲ್ ಬರ್ಲಿ, ಆಮ್ಯಾಲೆ ಮಾತಾಡೂಣು." 6 ಲಕ್ಷದ ಜಾಗದಲ್ಲಿ 1.5 ಲಕ್ಷ ಬಂತು. ಡಿಸೆಂಬರ್‌ನಲ್ಲಿ ಇನ್ನು 2 ಲಕ್ಷ. ಜನವರಿಯ ಕಂತು ಬರಲೇ ಇಲ್ಲ. 18 ಲಕ್ಷದಲ್ಲಿ ಕೈಸೇರಿದ್ದು 9.5 ಲಕ್ಷ.

ಮೊದಲು ಯಾರ ಸಂಬಳ ನಿಲ್ಲಿಸಿದರು

ಆಗಸ್ಟ್, ಸೆಪ್ಟೆಂಬರ್ ಕೊರೆ ತುಂಬಲು ಖಜಾಂಚಿ ಕೈಗಡ 2 ಲಕ್ಷ ಕೊಟ್ಟರು, ಪತ್ತಿನ ಸೌಹಾರ್ದ ಸಹಕಾರಿಯಿಂದ 2 ಲಕ್ಷ ಸಾಲ ಎತ್ತಿದರು. ಉಳಿದದ್ದಕ್ಕೆ ಸ್ಥಳೀಯ ಹುಡುಗರ ಎರಡು ತಿಂಗಳ ಸಂಬಳ, 1.44 ಲಕ್ಷ, ತಡೆಹಿಡಿದರು. "ನಮ್ಮ ಹುಡುಗ್ರು, ತಿಳ್ಕೋತಾರ" ಎಂಬ ಧೈರ್ಯ. ಹೊರಗಿನವರಿಗೆ ಮಾತ್ರ ದಿನ ತಪ್ಪದೆ ಸಂದಾಯವಾಯಿತು.

ಈ ಪ್ರಕರಣದ ಅತಿ ದುಬಾರಿ ನಿರ್ಧಾರ ಇದೇ. ಲೆಕ್ಕದ ದೃಷ್ಟಿಯಿಂದ ಇದಕ್ಕೆ ಕಾರಣ ಇತ್ತು: 35 ಸಾವಿರದ ಒಪ್ಪಂದ ಮುರಿದರೆ ದೂರು ಹೋಗುತ್ತದೆ, 4 ಸಾವಿರದ ಬಾಯಿಮಾತು ಮುರಿದರೆ ಹೋಗುವುದಿಲ್ಲ. ಆದರೆ ಒಂದೇ ಡ್ರೆಸ್ಸಿಂಗ್ ರೂಮ್‌ನಲ್ಲಿ ನಾಲ್ವರ ಫೋನಿಗೆ ಬ್ಯಾಂಕ್ ಸಂದೇಶ ಬರುತ್ತದೆ, ಹದಿನೆಂಟು ಮಂದಿಗೆ ಬರುವುದಿಲ್ಲ. ರೈಲ್ವೆ ವರ್ಕ್‌ಶಾಪ್‌ನಲ್ಲಿ ಅಪ್ರೆಂಟಿಸ್ ಆಗಿದ್ದವರು, ಬೆಳಿಗ್ಗೆ ಪೇಪರ್ ಹಾಕಿ ಅಭ್ಯಾಸಕ್ಕೆ ಬರುತ್ತಿದ್ದವರು ಆ ಹದಿನೆಂಟರಲ್ಲಿ ಇದ್ದರು. ಅಕ್ಟೋಬರ್‌ನಲ್ಲಿ ಮೂರು ದಿನ ಅಭ್ಯಾಸಕ್ಕೆ ಯಾರೂ ಬರಲಿಲ್ಲ. ಒಂದು ತಿಂಗಳ ಸಂಬಳ ಕೊಟ್ಟು ಕರೆತಂದರು. ಆ 72 ಸಾವಿರ ಹೋದ ಮೇಲೆ ಹೊರಗಿನವರಿಗೆ ಅಕ್ಟೋಬರ್ ಬಾಕಿ ಬಿತ್ತು, ನವೆಂಬರ್‌ದೂ ಬಿತ್ತು.

ಡಿಸೆಂಬರ್ ಮೊದಲ ವಾರ ಬ್ಯಾನರ್‌ನಲ್ಲಿದ್ದ ಸ್ಟ್ರೈಕರ್ ಲಿಖಿತ ನೋಟಿಸ್ ಕಳಿಸಿದ. ಫಿಫಾದ ಆಟಗಾರರ ವರ್ಗಾವಣೆ ನಿಯಮದಲ್ಲಿ 2018ರಿಂದ ಇದಕ್ಕೆ ದಾರಿ ಇದೆ: ಎರಡು ತಿಂಗಳ ಸಂಬಳ ಬಾಕಿ ಇದ್ದರೆ, ಆಟಗಾರ 15 ದಿನ ಗಡುವು ಕೊಟ್ಟು, ಆಗಲೂ ಬಾರದಿದ್ದರೆ ನ್ಯಾಯವಾದ ಕಾರಣದ ಮೇಲೆ ಒಪ್ಪಂದ ಕಡಿದುಕೊಳ್ಳಬಹುದು. ಅವನಿಗೆ ಅವಸರವೂ ಇತ್ತು. ಕೇರಳದ ಮಲಪ್ಪುರಂ ಕಡೆ ತಂಡಕ್ಕೆ ಏಳು ಮಂದಿ ಆಡುವ ಸೆವೆನ್ಸ್ ಟೂರ್ನಿಗಳು ನವೆಂಬರ್‌ನಿಂದ ಮೇವರೆಗೆ ನಡೆಯುತ್ತವೆ. ಅಲ್ಲಿ ಪಂದ್ಯಕ್ಕಿಷ್ಟು ಎಂದು ಅಂದೇ ಕೈಗೆ ಕೊಡುತ್ತಾರೆ.

"ಎರಡು ತಿಂಗಳ ಮುಂಗಡ ನಿನ್ನ ಹತ್ರನ ಐತಲ್ಲ, ವಜಾ ಮಾಡ್ಕೊ", ಅಂದರೆ ಬಾಕಿಯನ್ನು ಮುಂಗಡದಲ್ಲೇ ಮುರಿದುಕೊ, ಎಂದು ಕ್ಲಬ್ ವಾದಿಸಿತು. ಒಪ್ಪಂದ ತೆಗೆದು ನೋಡಿದರೆ "ಸೈನಿಂಗ್ ಅಡ್ವಾನ್ಸ್ 70,000" ಎಂದಷ್ಟೇ ಇತ್ತು. ಯಾವ ತಿಂಗಳಿಗೆ, ಮೊದಲೇ ಬಿಟ್ಟರೆ ಏನು ಎಂಬ ಒಂದು ಸಾಲೂ ಇಲ್ಲ. ಅದು ಸಹಿ ಹಾಕಿದ್ದಕ್ಕೆ ಸಂದ ಹಣ, ಸಂಬಳವಲ್ಲ ಎಂದ ಅವನು. ಕೊನೆಗೆ ಅಕ್ಟೋಬರ್ ಸಂಬಳ ನಗದು, ನವೆಂಬರ್ ಸಂಬಳ ಮುಂಗಡದ ಅರ್ಧಕ್ಕೆ ವಜಾ, ಇನ್ನರ್ಧ ಆಟಗಾರನಿಗೇ ಎಂದು ಅವನೂ ಸೇರಿ ಹೊರಗಿನ ಮೂವರ ಜತೆ ರಾಜಿಯಾಯಿತು. ಗೋಲಿಗೆ ಅಕ್ಟೋಬರ್ ಬಾಕಿ ಕೊಟ್ಟ ಮೇಲೆ ಅವನು 20 ಸಾವಿರಕ್ಕೆ ಉಳಿದ. ಈಗ ಆ ಕ್ಲಬ್‌ನ ಒಪ್ಪಂದಗಳಲ್ಲಿ ಇರುವ ಸಾಲು ಹೀಗಿದೆ: "ಈ ಮೊತ್ತವು ಕೊನೆಯ ಎರಡು ತಿಂಗಳ ಸಂಬಳದ ಮುಂಗಡ. ಒಪ್ಪಂದ ಅದಕ್ಕೂ ಮೊದಲು ಮುಗಿದರೆ ಆಗ ಇರುವ ಬಾಕಿಗೆ ಮೊದಲು ವಜಾ, ಉಳಿದದ್ದು 30 ದಿನದಲ್ಲಿ ವಾಪಸ್."

ಹದಿನೇಳರ ಹುಡುಗ ಮತ್ತು 200 ರೂಪಾಯಿಯ ಬಾಂಡ್ ಪೇಪರ್

ಅದೇ ಡಿಸೆಂಬರ್‌ನಲ್ಲಿ ಪ್ರಾಯೋಜಕರಿಂದ ಒಂದು ಪ್ರಸ್ತಾಪ ಬಂತು. ತಂಡದಲ್ಲಿ 17 ವರ್ಷದ ವಿಂಗರ್ ಒಬ್ಬನಿದ್ದ, ಬೆಂಗಳೂರಿನ ಕ್ಲಬ್‌ಗಳ ಕಣ್ಣು ಅವನ ಮೇಲೆ ಬಿದ್ದಿತ್ತು. ಅವನನ್ನು ಮುಂದೆ ಯಾರಾದರೂ ಕೊಂಡರೆ ಬರುವ ಹಣದಲ್ಲಿ ಶೇ 40 ತಮಗೆ ಬರೆದುಕೊಟ್ಟರೆ ಈಗಲೇ 5 ಲಕ್ಷ ಕೊಡುವೆ ಎಂದರು. ಬಡ್ಡಿ ಕಟ್ಟುತ್ತಿದ್ದ ಸಮಿತಿಗೆ ಇದು ದೇವರೇ ಕಳಿಸಿದಂತೆ ಕಂಡಿತು. ಬಾಂಡ್ ಪೇಪರ್ ಟೈಪ್ ಆಗಿತ್ತು. ತಡೆದದ್ದು ಲೆಕ್ಕಪರಿಶೋಧಕರು.

ಅವರ ಆಕ್ಷೇಪ ಎರಡು. ಒಂದು, ಕ್ಲಬ್ ಅಥವಾ ಆಟಗಾರ ಮುಂದಿನ ವರ್ಗಾವಣೆ ಹಣದ ಪಾಲನ್ನು ಮೂರನೆಯವರಿಗೆ ಬರೆದುಕೊಡುವುದನ್ನು ಫಿಫಾ 2015ರ ಮೇ 1ರಿಂದ ಪೂರ್ತಿ ನಿಷೇಧಿಸಿದೆ. ಪ್ರಾಯೋಜಕರು ಮೂರನೆಯವರೇ. ಯಾರನ್ನು ಆಡಿಸಬೇಕು, ಯಾರನ್ನು ಮಾರಬೇಕು ಎಂಬುದರಲ್ಲಿ ಹೊರಗಿನವರಿಗೆ ಒಪ್ಪಂದದ ಮೂಲಕ ಹಿಡಿತ ಕೊಡುವುದಕ್ಕೂ ಬೇರೆ ನಿಷೇಧ ಇದೆ. ಸ್ಟ್ರೈಕರ್‌ನ 3 ಲಕ್ಷದ ಷರತ್ತು ಆ ಗೆರೆಗೆ ಹತ್ತಿರವೇ ಇತ್ತು ಎಂಬುದು ಆಗ ಸಮಿತಿಯ ಗಮನಕ್ಕೆ ಬಂತು. ಎರಡನೆಯ ಆಕ್ಷೇಪ ಇನ್ನೂ ಸರಳ: ಮಾರಲು ಕ್ಲಬ್‌ನ ಕೈಯಲ್ಲಿ ಏನೂ ಇರಲಿಲ್ಲ. ಲಿಖಿತ ಒಪ್ಪಂದ ಇದ್ದು, ಆಟಕ್ಕಾಗಿ ಆಗುವ ಖರ್ಚಿಗಿಂತ ಹೆಚ್ಚು ಹಣ ಪಡೆಯುವವನು ಮಾತ್ರ ವೃತ್ತಿಪರ. ಈ ಹುಡುಗನಿಗೆ ಒಪ್ಪಂದವೇ ಇರಲಿಲ್ಲ. ಹವ್ಯಾಸಿಯಾಗಿ ನೋಂದಣಿಯಾದವನು ಸೀಸನ್ ಮುಗಿದ ಮೇಲೆ ಶುಲ್ಕವಿಲ್ಲದೆ ಹೋಗಬಹುದು.

ಸಾಹುಕಾರರಿಗೆ ಇದನ್ನು ಹೇಳುವುದು ಸುಲಭವಿರಲಿಲ್ಲ. "ನನ್ನ ರೊಕ್ಕ ಬೇಕು, ನಾ ಬ್ಯಾಡೇನು?" ಎಂದರಂತೆ. ಅವರ ಹೆಸರಿನಲ್ಲಿ 15 ವರ್ಷದೊಳಗಿನವರ ಟೂರ್ನಿ ನಡೆಸುವುದೆಂದು ಮಾತಾಗಿ ಸಂಬಂಧ ಉಳಿಯಿತು, 5 ಲಕ್ಷ ಬರಲಿಲ್ಲ.

ಧಾರವಾಡದ ಕೈಗಾರಿಕಾ ಪ್ರದೇಶದ ಒಂದು ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ನಿಧಿಯನ್ನೂ ಕೇಳಿದರು. ಅಲ್ಲಿ ತಿಳಿದದ್ದು, ಆ ಹಣಕ್ಕೂ ಜಾತಿ ಇದೆ ಎಂದು. ಕ್ರೀಡಾ ತರಬೇತಿಗೆ ಸಿಎಸ್‌ಆರ್ ಕೊಡಬಹುದು. ತಮ್ಮ ಸರಕಿನ ಪ್ರಚಾರಕ್ಕಾಗಿ ಮಾಡುವ ಪ್ರಾಯೋಜಕತ್ವ ಸಿಎಸ್‌ಆರ್ ಎನಿಸಿಕೊಳ್ಳದು. ಎದೆಯ ಮೇಲಿನ ಲೋಗೊಗೆ, ಹಿರಿಯರ ತಂಡದ ಸಂಬಳಕ್ಕೆ ಅದು ಒದಗದು. ಸೊಸೈಟಿಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ, ಕನಿಷ್ಠ 3 ವರ್ಷದ ಕೆಲಸದ ದಾಖಲೆ, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಸಂಖ್ಯೆ ಬೇಕಿತ್ತು. ಕ್ಲಬ್‌ನ ಹತ್ತಿರ ಇದ್ದದ್ದು ಮೂರು ವರ್ಷದ ಫೋಟೊಗಳು. ಕಾಗದ ಮಾಡಿಸುವಷ್ಟರಲ್ಲಿ ಸೀಸನ್ ಮುಗಿಯಿತು.

ಲೀಗ್‌ನ ಮೊದಲರ್ಧದ ಕೊನೆಗೆ ನಾಲ್ಕನೇ ಸ್ಥಾನದಲ್ಲಿದ್ದ ತಂಡ, ಎರಡನೆಯ ಅರ್ಧದಲ್ಲಿ ಬಹುತೇಕ ಪಂದ್ಯ ಸೋತು ಒಂದೇ ಪಾಯಿಂಟ್‌ನಿಂದ ಕೆಳಗಿಳಿಯದೆ ಉಳಿಯಿತು.

2024: ಮೊದಲು ಗಲ್ಲಾ, ಆಮೇಲೆ ಹೆಸರು

ಮುಂದಿನ ಸೀಸನ್‌ಗೆ ಸಮಿತಿ ಮಾಡಿದ ದೊಡ್ಡ ಬದಲಾವಣೆ ಆಟಗಾರರದ್ದಲ್ಲ, ಪ್ರಾಯೋಜಕರದ್ದು. ಯಾರ ಕೈಯಲ್ಲಿ ಯಾವ ತಿಂಗಳು ರೊಕ್ಕ ಆಡುತ್ತದೆ ಎಂದು ಊರಿನ ವ್ಯಾಪಾರವನ್ನೇ ಪಟ್ಟಿ ಮಾಡಿದರು. ವರ್ಗಾವಣೆ ಅವಧಿ ಜೂನ್‌ನಿಂದ ಆಗಸ್ಟ್. ಆಗ ಧಾರವಾಡದಲ್ಲಿ ಕೈ ತುಂಬಿರುವವರು ಕೋಚಿಂಗ್ ಸೆಂಟರ್‌ನವರು. ಪ್ರವೇಶ, ಶುಲ್ಕ ಎಲ್ಲಾ ಮೇ-ಜುಲೈನಲ್ಲೇ. ಎದೆಯ ಜಾಗ ಅಂಥ ಒಂದು ಸಂಸ್ಥೆಗೆ 5 ಲಕ್ಷಕ್ಕೆ ಹೋಯಿತು, ಪೂರ್ತಿ ಜೂನ್‌ನಲ್ಲಿ. ಬಟ್ಟೆ ಅಂಗಡಿಗೆ ದೀಪಾವಳಿ ಮುಗಿದ ಮೇಲೆ 3 ಲಕ್ಷ. ಹಳೆಯ ಬೀಜ ವ್ಯಾಪಾರಿಗೆ ಬೆನ್ನಿನ ಜಾಗ, 4 ಲಕ್ಷ, ಕೊಡುವುದು ಡಿಸೆಂಬರ್-ಜನವರಿಯಲ್ಲಿ. ಆಸ್ಪತ್ರೆಗೆ ಋತು ಇಲ್ಲ. ಮೂರು ತಿಂಗಳಿಗೊಮ್ಮೆ 50 ಸಾವಿರ. ಮೊತ್ತ ಹೋದ ವರ್ಷದ ಮಾತಿಗಿಂತ ಕಡಿಮೆ, ಆದರೆ ಒಬ್ಬರು ಕೈಕೊಟ್ಟರೆ ಒಟ್ಟು ಬಜೆಟ್‌ನ ಸುಮಾರು ಕಾಲುಭಾಗ ಹೋಗುತ್ತದೆಯೇ ಹೊರತು ಅರ್ಧಕ್ಕಿಂತ ಹೆಚ್ಚು ಹೋಗುವುದಿಲ್ಲ. ಪ್ರಾಯೋಜಕತ್ವವನ್ನು ಜಾಹೀರಾತೆಂದು ಪರಿಗಣಿಸಿ ಕೊಡುವವರು ಶೇ 2 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿಯುತ್ತಾರೆ. ಹಿಂದಿನ ವರ್ಷ ರಿಟರ್ನ್ ಹಾಕದೆ ಬಿಟ್ಟಿದ್ದ ಆ ಹಣವನ್ನೂ ಈಗ ಲೆಕ್ಕಕ್ಕೆ ತಂದರು.

ಸಂಬಳಕ್ಕೆ ಒಂದು ಮಿತಿ ಹಾಕಿದರು. ಜುಲೈ 1ರಂದು ಬ್ಯಾಂಕಿನಲ್ಲಿ ಇರುವುದು, ಅದರ ಜತೆ ಲಿಖಿತವಾಗಿ ಬರಬೇಕಾದ್ದರ ಅರ್ಧ. ಅಷ್ಟರೊಳಗೇ ಸೀಸನ್‌ನ ಎಲ್ಲ ಸಂಬಳದ ವಾಗ್ದಾನ. ಆ ದಿನ ಬ್ಯಾಂಕಿನಲ್ಲಿದ್ದದ್ದು 7.5 ಲಕ್ಷ, ಬರಬೇಕಾದ 8.5ರಲ್ಲಿ ಅರ್ಧ 4.25, ಒಟ್ಟು 11.75. ಹಳೆಯ ಸಾಲದ ಕಂತು 1.5 ತೆಗೆದರೆ 10.25 ಲಕ್ಷ. ಅದರೊಳಗೆ ಕೂತದ್ದು ಹೊರಗಿನವರು ಇಬ್ಬರೇ: ಅದೇ ಗೋಲಿ ಮತ್ತು ಒಬ್ಬ ಸ್ಟಾಪರ್ ಬ್ಯಾಕ್. 6 ತಿಂಗಳ ಒಪ್ಪಂದ, 20 ಸಾವಿರ ಸಂಬಳ, ಆಡಿದ ಪಂದ್ಯಕ್ಕೆ 1,500. ಸ್ಥಳೀಯ 20 ಹುಡುಗರಿಗೆ 7 ತಿಂಗಳು 3 ಸಾವಿರ, ಪಂದ್ಯಕ್ಕೆ 750. ಕೋಚ್ ಸೇರಿ 10.22 ಲಕ್ಷ. ಸಂಬಳ ತಡವಾದರೆ ಎಲ್ಲರಿಗೂ ಒಂದೇ ದಿನ ತಡ ಎಂದು ಸಮಿತಿ ಠರಾವು ಬರೆಯಿತು.

ಸ್ಟ್ರೈಕರ್ ಜಾಗಕ್ಕೆ ಹೊರಗಿನಿಂದ ಯಾರೂ ಬರಲಿಲ್ಲ. ಕೋಚಿಂಗ್ ಸೆಂಟರ್‌ನವರಿಗೆ ಬೇಕಾದದ್ದೂ ಬೇರೆ: ಊರಿನ ಹುಡುಗರ ಫೋಟೊ. ಒಂಬತ್ತನೇ ತರಗತಿಯ ಮಗನನ್ನು ಸೇರಿಸುವ ತಂದೆ-ತಾಯಿಗೆ ಹೊರ ರಾಜ್ಯದ ಸ್ಟ್ರೈಕರ್ ಯಾರಾದರೇನು? ಪ್ರಾಯೋಜಕ ಬದಲಾದಾಗ ಆಯ್ಕೆಯ ಒತ್ತಡವೂ ಬದಲಾಯಿತು. ಇದನ್ನು ಸಮಿತಿ ಯೋಚಿಸಿ ಮಾಡಿದ್ದಲ್ಲ, ತಾನಾಗಿ ಒದಗಿತು.

ಸಿಎಸ್‌ಆರ್‌ನ 6 ಲಕ್ಷವೂ ಆ ವರ್ಷ ಬಂತು. ಅದಕ್ಕೆ ಬೇರೆ ಬ್ಯಾಂಕ್ ಖಾತೆ. ಕಿರಿಯರ ಕೋಚ್, ಚೆಂಡು, ಮೊಟ್ಟೆ-ಬಾಳೆಹಣ್ಣು ಅದರಲ್ಲೇ, ಸರ್ಕಾರಿ ಶಾಲೆಯ ಮಕ್ಕಳಿಗೆ ಶುಲ್ಕ ಮಾಫಿ. ಉಳಿದ ಮಕ್ಕಳ ಶುಲ್ಕದ ಸುಮಾರು 4 ಲಕ್ಷ ಹಿರಿಯರ ಬೆಂಗಳೂರು ಪ್ರಯಾಣಕ್ಕೆ ಹೋಗುತ್ತದೆ. ಇದು ಮಕ್ಕಳ ತಂದೆ-ತಾಯಿಗೆ ಗೊತ್ತೇ ಎಂದು ಸಮಿತಿಯಲ್ಲೇ ಒಬ್ಬರು ಕೇಳಿದರು. ನಿಯಮಕ್ಕೆ ಅಡ್ಡಿ ಇರಲಿಕ್ಕಿಲ್ಲ, ಆದರೆ ಪ್ರಶ್ನೆ ನ್ಯಾಯದ್ದು. ಅದಕ್ಕೆ ಇನ್ನೂ ಉತ್ತರ ಬರೆದಿಲ್ಲ.

2024ರಲ್ಲಿ ತಂಡ ನಡು ಪಟ್ಟಿಯಲ್ಲಿ ಮುಗಿಸಿತು. ಮೇಲೇರಲಿಲ್ಲ. ತಿಂದ ಗೋಲು ಕಡಿಮೆಯಾದವು, ಹೊಡೆದವೂ ಕಡಿಮೆಯಾದವು. ಬಟ್ಟೆ ಅಂಗಡಿಯ ಹಣ ಒಂದು ತಿಂಗಳು ತಡವಾಯಿತು. ಅರ್ಧವನ್ನಷ್ಟೇ ಲೆಕ್ಕ ಹಿಡಿದಿದ್ದರಿಂದ ಸಂಬಳ ನಿಲ್ಲಲಿಲ್ಲ. ಒಬ್ಬ ಪ್ರಾಯೋಜಕನ, ಒಂದು ಕರಾರಿನ ಮೇಲೆ ನಿಂತ ತಂಡ ದೊಡ್ಡದಾದರೂ ಬೀಳುವ ರೀತಿ ಬೇರೆಯಲ್ಲ: 2025ರಲ್ಲಿ ದೇಶದ ಅಗ್ರ ಲೀಗ್ ಐಎಸ್‌ಎಲ್‌ನ ವಾಣಿಜ್ಯ ಒಪ್ಪಂದದ ಭವಿಷ್ಯ ತೂಗಾಡಿದಾಗ ಬೆಂಗಳೂರು ಎಫ್‌ಸಿ ಮೊದಲ ತಂಡದ ಸಂಬಳವನ್ನೇ ತಡೆಹಿಡಿಯಬೇಕಾಯಿತು.

ಆ ವಿಂಗರ್ 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕ್ಲಬ್ ಒಂದಕ್ಕೆ ಹೋಗಿ ಮೊದಲ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕಿದ. ವರ್ಗಾವಣೆ ಶುಲ್ಕ ಸೊನ್ನೆ. ತರಬೇತಿ ಕೊಟ್ಟ ಕ್ಲಬ್‌ಗೆ ಪರಿಹಾರ ಸಿಗುವ ವ್ಯವಸ್ಥೆ ದೇಶದೊಳಗೂ ಇರಬೇಕೆಂದು ಫಿಫಾ ನಿಯಮ ಹೇಳುತ್ತದೆ. ಮುಂದೆ ಅವನು ಹಣಕ್ಕೆ ವಿದೇಶಿ ಕ್ಲಬ್‌ಗೆ ಹೋದರೆ ಶುಲ್ಕದ ಶೇ 5 ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗಬೇಕು. 12ರಿಂದ 15ರ ವಯಸ್ಸಿನ ಪ್ರತಿ ಸೀಸನ್‌ಗೆ ಶುಲ್ಕದ ಶೇ 0.25, 16ರಿಂದ 23ಕ್ಕೆ ಶೇ 0.5. 1 ಕೋಟಿಯ ವರ್ಗಾವಣೆಯಲ್ಲಿ 14ರಿಂದ 17ರವರೆಗೆ ಬೆಳೆಸಿದವರಿಗೆ 1.5 ಲಕ್ಷ. ಎಲ್ಲಕ್ಕೂ ಆಧಾರ ನೋಂದಣಿ ದಾಖಲೆ. ಹುಡುಗ ಇಲ್ಲಿ ನಾಲ್ಕು ಸೀಸನ್ ಆಡಿದ್ದ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ನೋಂದಣಿ ವ್ಯವಸ್ಥೆಯಲ್ಲಿ ಕ್ಲಬ್ ಅವನ ಹೆಸರು ಹಾಕಿದ್ದು ಕೊನೆಯ ಎರಡಕ್ಕೆ ಮಾತ್ರ. ಎರಡಕ್ಕೆ ಮಾತುಕತೆಯಲ್ಲಿ ಪರಿಹಾರ ಬಂತು. ಉಳಿದ ಎರಡಕ್ಕೆ ಕ್ಲಬ್ ಕಳಿಸಿದ್ದು ಟೂರ್ನಿಯ ಗುಂಪು ಫೋಟೊ ಮತ್ತು ಒಂದು ಹಾಜರಿ ಪುಸ್ತಕ. ಅದನ್ನು ಆ ಕಡೆಯವರು ಒಪ್ಪಲಿಲ್ಲ.

ಈಗ 12 ತುಂಬಿದ ಮಗು ಅಭ್ಯಾಸಕ್ಕೆ ಸೇರಿದ ದಿನವೇ ಜನ್ಮ ಪ್ರಮಾಣಪತ್ರ ಮತ್ತು ಪೋಷಕರ ಸಹಿ ತೆಗೆದುಕೊಳ್ಳುತ್ತಾರೆ. ಜೂನ್ ಮೊದಲ ವಾರದಲ್ಲಿ ಖಜಾಂಚಿಯ ಮಗಳು ಲ್ಯಾಪ್‌ಟಾಪ್ ಹಿಡಿದು ಮೈದಾನದ ಕಟ್ಟೆಯ ಮೇಲೆ ಕೂರುತ್ತಾಳೆ. ನೋಂದಣಿ ಸಂಖ್ಯೆ ಸಿಗುವವರೆಗೆ ಮಗುವಿಗೆ ಜೆರ್ಸಿ ಕೊಡುವುದಿಲ್ಲ.